ಉಗುರಿನ ಬುಡದ ಪೊರೆ ಕತ್ತರಿಸಬೇಡಿ

ನಿಮಗಿದು ಗೊತ್ತೆ?

● ಉಗುರು ಚರ್ಮದಿಂದ ಹೊರಬರುವ ಜಾಗದಲ್ಲಿ ತೆಳ್ಳನೆಯ ಪೊರೆಯೊಂದು ಅಂಟಿಕೊಂಡಿರುತ್ತದೆ. ಅದೇ ಕ್ಯುಟಿಕಲ್. ಸತ್ತ ಜೀವಕೋಶಗಳ ಈ ಪೊರೆ ಉಗುರು ಮತ್ತು ಚರ್ಮದ ನಡುವಿನ ಸಂದಿಯನ್ನು ಮುಚ್ಚಿ, ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಒಳನುಸುಳದಂತೆ ತಡೆಯುತ್ತದೆ.

● ಅಂದಕ್ಕೆಂದು ಇದನ್ನು ಕತ್ತರಿಸಿದರೆ ಸೋಂಕಿಗೆ ದಾರಿ ತೆರೆದಂತೆ, ಉಗುರುಸುತ್ತು ಆಗಬಹುದು. ಹೊಸ ಉಗುರು ಹುಟ್ಟುವ ಭಾಗ ಇದರ ಹಿಂದೆಯೇ ಇದೆ. ಅಲ್ಲಿ ಪೆಟ್ಟಾದರೆ ಉಗುರಿನ ಮೇಲೆ ಗೆರೆ, ಕುಳಿ ಮೂಡಬಹುದು. ಕೈಬೆರಳ ಉಗುರು ತಿಂಗಳಿಗೆ ಸುಮಾರು 3 ಮಿ.ಮೀ. ಮಾತ್ರ ಬೆಳೆಯುವುದರಿಂದ, ಆ ಗುರುತು ಹೋಗಲು ತಿಂಗಳುಗಳೇ ಬೇಕು.

● ಪಾತ್ರೆ ತೊಳೆಯುವ, ಬಟ್ಟೆ ಒಗೆಯುವ ಕೈ ಸದಾ ಒದ್ದೆಯಾಗಿದ್ದರೆ ಪೊರೆ ಸಡಿಲವಾಗುತ್ತದೆ. ಕೈಗವಸು ಹಾಕಿಕೊಳ್ಳಿ, ಕೆಲಸ ಮುಗಿದ ಮೇಲೆ ಬೆರಳಸಂದಿಯನ್ನೂ ಒರೆಸಿಕೊಳ್ಳಿ.

● ಮಲಗುವ ಮುನ್ನ ಪ್ರತಿ ಉಗುರಿನ ಬುಡಕ್ಕೆ ಒಂದು ಹನಿ ಕೊಬ್ಬರಿ ಎಣ್ಣೆ ಅಥವಾ ಪೆಟ್ರೋಲಿಯಂ ಜೆಲ್ಲಿ ಹಚ್ಚಿ, ಹೆಬ್ಬೆರಳಿನಿಂದ ಮೃದುವಾಗಿ ತಿಕ್ಕಿ. ಒಣಗಿ ಬಿರಿಯುವುದು ಕಡಿಮೆಯಾಗುತ್ತದೆ.

● ಉಗುರಿನ ಪಕ್ಕ ಎದ್ದ ಚರ್ಮದ ಎಳೆಯನ್ನು ಹಲ್ಲಿನಿಂದ ಕೀಳಬೇಡಿ; ಹಸಿ ಚರ್ಮವೂ ಸೀಳಿಕೊಂಡು ಬರುತ್ತದೆ. ಬಿಸಿನೀರಲ್ಲಿ ತೊಳೆದ ನೇಲ್ ಕಟರ್‌ನಿಂದ ಎದ್ದಷ್ಟನ್ನೇ ಕತ್ತರಿಸಿ.

● ಅಸಿಟೋನ್ ಇರುವ ನೇಲ್ ಪಾಲಿಶ್ ರಿಮೂವರ್ ಪೊರೆಯನ್ನು ಒಣಗಿಸುತ್ತದೆ. ಬಳಸಿದ ಕೂಡಲೇ ಕೈ ತೊಳೆದು ಎಣ್ಣೆ ಹಚ್ಚಿ.

● ಉಗುರಿನ ಸುತ್ತ ಕೆಂಪಾಗಿ ಊದಿಕೊಂಡು ಕೀವು ತುಂಬಿದರೆ ಬೆರಳಿಗೆ ನಿಂಬೆಹಣ್ಣು ಸಿಕ್ಕಿಸಿಕೊಂಡು ಕಾಯಬೇಡಿ. ಮಧುಮೇಹ ಇರುವವರಂತೂ ತಡಮಾಡದೆ ವೈದ್ಯರಿಗೆ ತೋರಿಸಿ.