ಜೆಟ್ ಟಬ್ ಹಾಕಿಸುವ ಮುನ್ನ

ಹೊಸ ಮನೆಯ ಬಾತ್‌ರೂಮಿಗೆ ಜೆಟ್ ಟಬ್ ಹಾಕಿಸುವ ಯೋಚನೆಯಲ್ಲಿದ್ದೀರಾ? ಅಂಗಡಿಯವರು ಬಣ್ಣ, ಅಳತೆ, ಜೆಟ್‌ಗಳ ಸಂಖ್ಯೆಯನ್ನೆಲ್ಲ ಹೇಳುತ್ತಾರೆ. ಟಬ್ಬಿನ ಹಿಂದೆ ಕಣ್ಣಿಗೆ ಕಾಣದಂತೆ ಹಾದುಹೋಗುವ ಪೈಪುಗಳ ಬಗ್ಗೆ ಹೇಳುವವರು ಕಡಿಮೆ. ಆರೋಗ್ಯದ ಪ್ರಶ್ನೆ ಇರುವುದು ಅಲ್ಲಿಯೇ.

ಪಂಪು ಟಬ್ಬಿನ ನೀರನ್ನು ಎಳೆದುಕೊಂಡು, ಗಾಳಿ ಬೆರೆಸಿ, ಜೆಟ್‌ಗಳಿಂದ ರಭಸವಾಗಿ ಹೊರಬಿಡುತ್ತದೆ. ಅಮೆರಿಕದಲ್ಲಿ ನೆಲೆಸಿದ್ದ ಇಟಲಿ ಮೂಲದ ಜಕೂಝಿ ಕುಟುಂಬ ಇಂಥ ಪಂಪನ್ನು ಮೊದಲು ತಯಾರಿಸಿದ್ದು ಸಂಧಿವಾತದಿಂದ ನರಳುತ್ತಿದ್ದ ಮನೆಯ ಮಗನಿಗಾಗಿ. ಬಿಗಿದ ಸ್ನಾಯುಗಳಿಗೆ ಇದು ಹಿತ ನೀಡುವುದು ನಿಜ.

ಆದರೆ ಟಬ್ ಖಾಲಿ ಮಾಡಿದ ಮೇಲೂ ಪೈಪುಗಳಲ್ಲಿ ಸ್ವಲ್ಪ ನೀರು ಉಳಿಯುತ್ತದೆ. ಮೈಯ ಕೊಳೆ, ಸೋಪು, ತಲೆಗೆ ಹಚ್ಚಿದ ತೆಂಗಿನೆಣ್ಣೆ ಎಲ್ಲವೂ ಅಲ್ಲಿ ಲೋಳೆಯಾಗಿ ಅಂಟುತ್ತವೆ. ಲೆಜಿಯೊನೆಲ್ಲ ಎಂಬ ಬ್ಯಾಕ್ಟೀರಿಯ ಚೆನ್ನಾಗಿ ಬೆಳೆಯುವುದು ಇಂಥ ಉಗುರುಬೆಚ್ಚಗಿನ ನಿಂತ ನೀರಿನಲ್ಲಿ. ಜೆಟ್ ಚಾಲೂ ಮಾಡಿದಾಗ ಏಳುವ ಸಣ್ಣ ಹನಿಗಳನ್ನು ಉಸಿರಾಡಿದರೆ ಅದು ಶ್ವಾಸಕೋಶ ಸೇರಿ ತೀವ್ರ ನ್ಯುಮೋನಿಯ ತರಬಲ್ಲದು. 1999ರಲ್ಲಿ ನೆದರ್‌ಲ್ಯಾಂಡ್ಸ್‌ನ ಒಂದು ಪುಷ್ಪ ಪ್ರದರ್ಶನದಲ್ಲಿ ಮಾರಾಟಕ್ಕೆಂದು ತೋರಿಸಲು ಇಟ್ಟಿದ್ದ ಇಂಥ ಟಬ್ಬಿನಿಂದ ಸುಮಾರು 200 ಮಂದಿ ಕಾಯಿಲೆ ಬಿದ್ದರು, ಹಲವರು ಪ್ರಾಣ ಕಳೆದುಕೊಂಡರು. ಅವರು ಟಬ್ಬಿಗೆ ಇಳಿದವರಲ್ಲ, ಹತ್ತಿರದಲ್ಲಿ ಓಡಾಡಿದವರು.

ಗಲ್ಫ್‌ನಲ್ಲಿದ್ದು ವರ್ಷಕ್ಕೊಮ್ಮೆ ಊರಿಗೆ ಬರುವ ಕುಟುಂಬಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಬೀಗ ಹಾಕಿದ ಮನೆಯಲ್ಲಿ ಪೈಪಿನ ನೀರು ತಿಂಗಳುಗಟ್ಟಲೆ ನಿಂತಿರುತ್ತದೆ. ಬಂದ ದಿನವೇ ಮಂಡಿನೋವಿನ ಅಜ್ಜಿಯನ್ನು ಟಬ್ಬಿನಲ್ಲಿ ಕೂರಿಸಬೇಡಿ. ವಯಸ್ಸಾದವರು, ಮಧುಮೇಹಿಗಳು, ಧೂಮಪಾನಿಗಳು ಮತ್ತು ಶ್ವಾಸಕೋಶದ ತೊಂದರೆ ಇರುವವರಿಗೆ ಅಪಾಯ ಹೆಚ್ಚು.

ಮೊದಲು ಜೆಟ್‌ಗಳು ಮುಳುಗುವಷ್ಟು ಬಿಸಿನೀರು ತುಂಬಿ, ಕಂಪನಿಯ ಕೈಪಿಡಿ ಹೇಳುವ ಕ್ಲೀನರ್ ಹಾಕಿ ಪಂಪು ಓಡಿಸಿ. ನೀರು ಬಿಟ್ಟು, ಹೊಸ ನೀರು ತುಂಬಿ ಮತ್ತೊಮ್ಮೆ ಓಡಿಸಿ. ಆಗ ಕಿಟಕಿ ತೆರೆದಿರಲಿ, ಒಳಗೆ ಯಾರೂ ನಿಲ್ಲುವುದು ಬೇಡ. ಬಳಕೆಯಲ್ಲಿರುವ ಟಬ್ಬಿಗೂ ಇದನ್ನು ತಿಂಗಳಿಗೊಮ್ಮೆಯಾದರೂ ಮಾಡಬೇಕು. ಬ್ಲೀಚಿಂಗ್ ದ್ರಾವಣ ಬಳಸುವುದಾದರೆ ಟಾಯ್ಲೆಟ್ ತೊಳೆಯುವ ಆಸಿಡ್ ಹತ್ತಿರವೂ ಬರಬಾರದು, ಎರಡೂ ಬೆರೆತರೆ ವಿಷಾನಿಲ ಏಳುತ್ತದೆ.

ಅಳವಡಿಸುವಾಗಲೂ ಕೆಲವು ವಿಷಯ ನೋಡಿಕೊಳ್ಳಿ. 250 ಲೀಟರ್ ನೀರೆಂದರೆ 250 ಕಿಲೋ ಭಾರ, ಅದರ ಮೇಲೆ ಟಬ್ಬು ಮತ್ತು ಮನುಷ್ಯ. ಮಹಡಿಯಲ್ಲಾದರೆ ಇಂಜಿನಿಯರನ್ನು ಕೇಳದೆ ಇಡಬೇಡಿ. 25 ಲೀಟರ್‌ನ ಗೀಸರ್ ಇದಕ್ಕೆ ಎಲ್ಲಿಯೂ ಸಾಲದು. ಪಂಪಿಗೆ ಪ್ರತ್ಯೇಕ ವೈರಿಂಗ್, ಸರಿಯಾದ ಅರ್ಥಿಂಗ್, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇರಲೇಬೇಕು. ಇನ್ನೊಂದು ಮಾತು: ಚಂದ ಕಾಣಲೆಂದು ಮೇಸ್ತ್ರಿಗಳು ಸುತ್ತ ಟೈಲ್ಸ್ ಅಂಟಿಸಿ ಮುಚ್ಚಿಬಿಡುತ್ತಾರೆ. ಪಂಪಿನ ಬದಿಯಲ್ಲಿ ತೆಗೆಯಲು ಬರುವ ಬಾಗಿಲು ಬಿಡಿಸಿ. ಟೈಲ್ಸ್‌ಗೆ ಮೊದಲೇ ನೀರು ತುಂಬಿ ಓಡಿಸಿ, ಒಂದು ರಾತ್ರಿ ಬಿಟ್ಟು ಸೋರಿಕೆ ನೋಡಿ.

ಗರ್ಭಿಣಿಯರು ಬಿಸಿನೀರಿನ ಟಬ್ಬಿಗಿಳಿಯುವ ಮುನ್ನ ವೈದ್ಯರನ್ನು ಕೇಳಲಿ. ಮಕ್ಕಳನ್ನು ಒಂಟಿಯಾಗಿ ಬಿಡಬಾರದು, ನೀರೆಳೆಯುವ ಜಾಲರಿಗೆ ಉದ್ದ ಕೂದಲು ಸಿಕ್ಕಿಕೊಳ್ಳಬಹುದು. ಟಬ್ ಬಳಸಿದ ಎರಡು ವಾರದೊಳಗೆ ಯಾರಿಗಾದರೂ ಜೋರು ಜ್ವರ, ಕೆಮ್ಮು, ಉಸಿರಾಟದ ಕಷ್ಟ ಬಂದರೆ ತಡಮಾಡದೆ ವೈದ್ಯರ ಬಳಿ ಹೋಗಿ, ಟಬ್ಬಿನ ವಿಷಯವನ್ನೂ ಹೇಳಿ. ಸರಿಯಾದ ಆಂಟಿಬಯಾಟಿಕ್ ಬೇಗ ಆರಂಭಿಸಲು ಅದು ನೆರವಾಗುತ್ತದೆ.