ಉಲ್ಕೆ ಬಿದ್ದ ಕುಳಿಯಲ್ಲಿ ಒಂದು ಊರು

'ಯಾರೂ ನೋಡಿಲ್ಲದ ಘಟನೆ ಹೀಗೇ ನಡೆಯಿತು ಅಂತ ಹೇಗೆ ಹೇಳ್ತೀರಿ ಸಾರ್?' ಭೂಮಿಯ ಇತಿಹಾಸದ ಪಾಠ ಬಂದಾಗಲೆಲ್ಲ ಮಕ್ಕಳು ಕೇಳುವ ಪ್ರಶ್ನೆಯಿದು. ಇದಕ್ಕೆ ಒಳ್ಳೆಯ ಉತ್ತರ ಜರ್ಮನಿಯ ಒಂದು ಪುಟ್ಟ ಪಟ್ಟಣದಲ್ಲಿದೆ.

ಬವೇರಿಯಾ ರಾಜ್ಯದ ಆ ಪಟ್ಟಣದ ಹೆಸರು ನೋರ್ಡ್‌ಲಿಂಗೆನ್. ಸುತ್ತಲೂ 2.7 ಕಿಲೋಮೀಟರ್ ಉದ್ದದ ಕೋಟೆಗೋಡೆ. ಅದರ ಮೇಲೆ ನಡೆಯುತ್ತ ಇಡೀ ಊರನ್ನು ಸುತ್ತಿ ಬರಬಹುದು. ಊರ ನಡುವೆ ಸೇಂಟ್ ಜಾರ್ಜ್ ಚರ್ಚು. ಸುಮಾರು 90 ಮೀಟರ್ ಎತ್ತರದ ಅದರ ಗೋಪುರವನ್ನು ಹತ್ತಿ ನೋಡಿದರೆ ಊರಾಚೆ ತಟ್ಟೆಯಂತೆ ಸಮತಟ್ಟಾದ ಹೊಲಗಳು. ದೂರದಲ್ಲಿ ತಟ್ಟೆಯ ಅಂಚಿನಂತೆ ಗುಡ್ಡಗಳ ಸಾಲು. ಈ ಬಯಲಿಗೆ 'ರೀಸ್' ಎಂದು ಹೆಸರು. ಇಲ್ಲಿ ನೆಲೆಸಿದ್ದ ರೋಮನ್ನರ 'ರೇಷಿಯಾ' ಪ್ರಾಂತದ ಹೆಸರೇ ಸವೆದು ಹೀಗಾಗಿದೆ.

ನೋರ್ಡ್‌ಲಿಂಗೆನ್ ಹೆಸರು ದಾಖಲೆಯಲ್ಲಿ ಮೊದಲು ಕಾಣುವುದು 898ರಲ್ಲಿ. 1215ರಲ್ಲಿ ಅದು ನೇರವಾಗಿ ಚಕ್ರವರ್ತಿಗೆ ಸೇರಿದ ನಗರವಾಯಿತು. ಈಗಿನ ಕೋಟೆಗೋಡೆಯ ಕೆಲಸ ಶುರುವಾದದ್ದು 1327ರಲ್ಲಿ, ಚರ್ಚಿನದು 1427ರಲ್ಲಿ. ಚರ್ಚಿಗೆ ಹತ್ತಿರದಲ್ಲೇ ಸಿಗುತ್ತಿದ್ದ 'ಸೂವೈಟ್' ಎಂಬ ಬೂದುಬಣ್ಣದ ಕಲ್ಲನ್ನು ಬಳಸಿದರು. ಕರಗಿ ಗಾಜಾದ ಚೂರುಗಳು ತುಂಬಿದ್ದ ಆ ಕಲ್ಲನ್ನು ಕಂಡ ಭೂವಿಜ್ಞಾನಿಗಳಲ್ಲಿ ಹೆಚ್ಚಿನವರು, ರೀಸ್ ಬಯಲು ಹಳೆಯ ಜ್ವಾಲಾಮುಖಿಯ ಬಾಯಿ ಎಂದೇ ನಂಬಿದ್ದರು.

1960ರಲ್ಲಿ ಅಮೆರಿಕದ ಯೂಜೀನ್ ಶೂಮೇಕರ್ ಇಲ್ಲಿಗೆ ಬಂದರು. ಅವರೂ ಎಡ್ವರ್ಡ್ ಚಾವೋ ಅವರೂ ಸೇರಿ ಇಲ್ಲಿನ ಸೂವೈಟನ್ನು ಪರೀಕ್ಷಿಸಿದಾಗ 'ಕೋಸೈಟ್' ಎಂಬ ಖನಿಜ ಸಿಕ್ಕಿತು. ಕೋಸೈಟ್ ಎಂದರೆ ಬೇರೇನಲ್ಲ, ವಿಪರೀತ ಒತ್ತಡಕ್ಕೆ ಸಿಕ್ಕಿ ರಚನೆ ಬದಲಾದ ಬೆಣಚುಕಲ್ಲು. ಅದಕ್ಕೆ ವಾಯುಮಂಡಲದ ಒತ್ತಡದ 20,000 ಪಟ್ಟಿಗೂ ಹೆಚ್ಚು ಒತ್ತಡ ಬೇಕು. ಜ್ವಾಲಾಮುಖಿ ಕಲ್ಲನ್ನು ಕರಗಿಸಬಲ್ಲದು. ಆದರೆ ನೆಲದ ಮೇಲ್ಭಾಗದಲ್ಲಿ ಅಷ್ಟು ಒತ್ತಡ ಹುಟ್ಟಿಸಲಾರದು. ಉಳಿದದ್ದು ಒಂದೇ ದಾರಿ: ಆಕಾಶದಿಂದ ಬಿದ್ದ ಬಂಡೆ.

ಈಗ ತಿಳಿದಿರುವಂತೆ, ಸುಮಾರು ಒಂದೂವರೆ ಕೋಟಿ ವರ್ಷಗಳ ಹಿಂದೆ ಕಿಲೋಮೀಟರಿಗೂ ಮಿಕ್ಕಿ ಅಗಲದ ಕ್ಷುದ್ರಗ್ರಹವೊಂದು ಇಲ್ಲಿ ಅಪ್ಪಳಿಸಿತು. ಸುಮಾರು 24 ಕಿಲೋಮೀಟರ್ ಅಗಲದ ಕುಳಿ ಬಿತ್ತು. ಕಲ್ಲಿನಲ್ಲಿದ್ದ ಗ್ರಾಫೈಟ್, ಅಂದರೆ ಪೆನ್ಸಿಲ್ ಕಡ್ಡಿಯ ವಸ್ತು, ಆ ಪೆಟ್ಟಿಗೆ ವಜ್ರದ ಕಣಗಳಾಯಿತು. ಚರ್ಚಿನ ಕಲ್ಲಿನಲ್ಲೂ ಅವು ಇವೆ. ಆಸೆಪಡಬೇಡಿ, ಸೂಕ್ಷ್ಮದರ್ಶಕವಿಲ್ಲದೆ ಕಾಣುವುದು ಕಷ್ಟ! ಮುಂದೆ ಕುಳಿಯಲ್ಲಿ ನೀರು ನಿಂತು ಸರೋವರವಾಯಿತು, ಹೂಳು ತುಂಬಿತು. ಇಂದಿನ ಫಲವತ್ತಾದ ಬಯಲು ಅದೇ.

ಚಂದ್ರನ ಕುಳಿಗಳ ಕಲ್ಲುಗಳನ್ನು ಗುರುತಿಸಲು ಕಲಿಯಲೆಂದು ಅಪೊಲೊ 14ರ ಗಗನಯಾತ್ರಿಗಳು 1970ರಲ್ಲಿ ಇಲ್ಲಿಗೆ ಬಂದಿದ್ದರು. 1990ರಲ್ಲಿ ತೆರೆದ ಇಲ್ಲಿನ ಕುಳಿ ವಸ್ತುಸಂಗ್ರಹಾಲಯದಲ್ಲಿ ಚಂದ್ರನ ಕಲ್ಲೊಂದನ್ನು ಇರಿಸಲಾಗಿದೆ.

ಇಂಥದೇ ಒಂದು ಕುಳಿ ನಮ್ಮ ದೇಶದಲ್ಲೂ ಇದೆ. ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋಣಾರ್ ಸರೋವರ, ಸುಮಾರು 1.8 ಕಿಲೋಮೀಟರ್ ಅಗಲದ್ದು. ಅದನ್ನೂ ಹಿಂದೆ ಜ್ವಾಲಾಮುಖಿಯದೆಂದೇ ಭಾವಿಸಿದ್ದರು. ಅಲ್ಲಿಯೂ ಸಂಶಯ ಬಿಡಿಸಿದ್ದು ಭಾರಿ ಪೆಟ್ಟು ತಿಂದ ಕಲ್ಲುಗಳೇ. ಅಜಂತಾ, ಎಲ್ಲೋರಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗುವ ತಂದೆತಾಯಿಯರು ಇನ್ನೊಂದು ದಿನವನ್ನು ಲೋಣಾರಿಗೆಂದು ಇಟ್ಟುಕೊಂಡರೆ ಒಳ್ಳೆಯದು. ಮೊದಲ ಸಾಲಿನ ಪ್ರಶ್ನೆಗೆ ಉತ್ತರವನ್ನು ಮಕ್ಕಳು ತಾವೇ ಕಣ್ಣಾರೆ ಕಂಡಾರು.