ಎಮೆಟ್ ಡಾಲ್ಟನ್: ಮೂರು ಸೇನೆಗಳಲ್ಲಿ ಒಬ್ಬ ಸೈನಿಕ

ಒಬ್ಬ ವ್ಯಕ್ತಿಯು ಏಳೇ ವರ್ಷಗಳಲ್ಲಿ ಮೊದಲು ಬ್ರಿಟಿಷ್ ಸಾಮ್ರಾಜ್ಯದ ಪರವಾಗಿಯೂ, ಅನಂತರ ಅದರ ವಿರುದ್ಧವಾಗಿಯೂ, ಕೊನೆಗೆ ತನ್ನ ಹಿಂದಿನ ಸಂಗಾತಿಗಳ ವಿರುದ್ಧವಾಗಿಯೂ ಆಯುಧ ಹಿಡಿದನೆಂದರೆ ಅವನನ್ನು ಚಂಚಲಚಿತ್ತನೆಂದು ಕರೆಯುವುದು ಸುಲಭ. ಐರ್ಲೆಂಡಿನ ಸೈನಿಕ ಎಮೆಟ್ ಡಾಲ್ಟನನ ಜೀವನವು ಹೊರನೋಟಕ್ಕೆ ಇಂತಹುದೇ. ಆದರೆ ಆತನ ಒಂದೊಂದು ನಡೆಯನ್ನೂ ಆಯಾ ಕಾಲದ ಸನ್ನಿವೇಶದಲ್ಲಿಟ್ಟು ಪರಿಶೀಲಿಸಿದರೆ ಈ ತೀರ್ಮಾನವು ನಿಲ್ಲಲಾರದು. ಅದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಡಾಲ್ಟನನು 1898ರ ಮಾರ್ಚ್ 4ರಂದು ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಫಾಲ್ ರಿವರ್ ಎಂಬಲ್ಲಿ ಐರಿಷ್ ಮನೆತನದಲ್ಲಿ ಜನಿಸಿ, ಡಬ್ಲಿನ್ ನಗರದಲ್ಲಿ ಬೆಳೆದನು. 1913ರಲ್ಲಿ ಸ್ಥಾಪಿತವಾದ ಐರಿಷ್ ಸ್ವಯಂಸೇವಕ ದಳವನ್ನು ಹದಿನೈದನೆಯ ವಯಸ್ಸಿನಲ್ಲಿಯೇ ಸೇರಿದನು. 1914ರ ಸೆಪ್ಟೆಂಬರಿನಲ್ಲಿ ಹೋಮ್ ರೂಲ್ ಮಸೂದೆಯು ಶಾಸನವಾಯಿತಾದರೂ ಮಹಾಯುದ್ಧವು ಮುಗಿಯುವವರೆಗೆ ಅದರ ಜಾರಿಯನ್ನು ತಡೆಹಿಡಿಯಲಾಯಿತು. ಐರಿಷರು ಯುದ್ಧದಲ್ಲಿ ಸೇವೆ ಸಲ್ಲಿಸಿದರೆ ಈ ಸ್ವಯಮಾಧಿಕಾರವು ಭದ್ರವಾಗುವುದೆಂದು ನಂಬಿದ್ದ ನಾಯಕ ಜಾನ್ ರೆಡ್ಮಂಡನು ಸ್ವಯಂಸೇವಕರಿಗೆ ರಣರಂಗಕ್ಕೆ ತೆರಳುವಂತೆ ಕರೆಯಿತ್ತನು. ಒಟ್ಟು ಸುಮಾರು 2 ಲಕ್ಷ ಐರಿಷರು ಆ ಯುದ್ಧದಲ್ಲಿ ಸೇವೆ ಸಲ್ಲಿಸಿದರು. 1915ರಲ್ಲಿ ಡಾಲ್ಟನನು ರಾಯಲ್ ಡಬ್ಲಿನ್ ಫ್ಯೂಸಿಲಿಯರ್ಸ್ ಪಡೆಯ ಅಧಿಕಾರಿಯಾದುದು ಈ ಹಿನ್ನೆಲೆಯಲ್ಲಿ. ಆಗ ಬ್ರಿಟಿಷ್ ಸಮವಸ್ತ್ರವನ್ನು ಧರಿಸುವುದು ದೇಶಪ್ರೇಮಕ್ಕೆ ವಿರುದ್ಧವೆಂದು ಬಹುಮಂದಿ ಐರಿಷರು ಭಾವಿಸಿರಲಿಲ್ಲ.

1916ರ ಸೆಪ್ಟೆಂಬರ್ 9ರಂದು ಫ್ರಾನ್ಸಿನ ಸೊಮ್ ರಣಾಂಗಣದ ಗಿಂಚಿ ಗ್ರಾಮವನ್ನು 16ನೆಯ ಐರಿಷ್ ಡಿವಿಜನ್ ವಶಪಡಿಸಿಕೊಂಡಿತು. ಕವಿಯೂ ಪಾರ್ಲಿಮೆಂಟಿನ ಮಾಜಿ ಸದಸ್ಯನೂ ಆದ ಟಾಮ್ ಕೆಟ್ಲನು ಅಂದು ಗುಂಡಿಗೆ ಬಲಿಯಾದಾಗ ಡಾಲ್ಟನನು ಆತನ ಹಿಂದೆಯೇ ಇದ್ದನು. ಅಧಿಕಾರಿಗಳನ್ನು ಕಳೆದುಕೊಂಡಿದ್ದ ತುಕಡಿಗಳನ್ನು ಗುರಿಯವರೆಗೆ ನಡೆಸಿದುದಲ್ಲದೆ, ಒಬ್ಬ ಸಾರ್ಜೆಂಟನೊಡನೆ 21 ಮಂದಿ ಶತ್ರುಗಳನ್ನು ಶರಣಾಗಿಸಿದುದಕ್ಕಾಗಿ ಹದಿನೆಂಟು ವರ್ಷದ ಈ ತರುಣನಿಗೆ ಮಿಲಿಟರಿ ಕ್ರಾಸ್ ಪದಕವು ದೊರೆಯಿತು.

1919ರಲ್ಲಿ ಆತನು ಮರಳಿದಾಗ ಐರ್ಲೆಂಡೇ ಬದಲಾಗಿತ್ತು. 1916ರ ಈಸ್ಟರ್ ದಂಗೆಯ ನಾಯಕರನ್ನು ಗುಂಡಿಟ್ಟು ಕೊಂದುದರಿಂದ ಜನಮನವು ಕೆರಳಿತ್ತು. 1918ರ ಚುನಾವಣೆಯಲ್ಲಿ ಐರ್ಲೆಂಡಿನ 105 ಸ್ಥಾನಗಳಲ್ಲಿ 73 ಸ್ಥಾನಗಳು ಸಿನ್ ಫೇನ್ ಪಕ್ಷದ ಪಾಲಾಗಿದ್ದವು. ಡಾಲ್ಟನನು ಐರಿಷ್ ಗಣರಾಜ್ಯ ಸೇನೆಯನ್ನು ಸೇರಿ, 1921ರಲ್ಲಿ ಅದರ ತರಬೇತಿಯ ನಿರ್ದೇಶಕನಾದನು. ಬ್ರಿಟಿಷರು ಕಲಿಸಿದ ವಿದ್ಯೆಯು ಅವರ ವಿರುದ್ಧವೇ ಬಳಕೆಗೆ ಬಂದಿತು. ಅದೇ ವರ್ಷದ ಮೇ 14ರಂದು, ಸೆರೆಯಲ್ಲಿದ್ದ ಶಾನ್ ಮ್ಯಾಕ್ ಓಯಿನನನ್ನು ಬಿಡಿಸಲೆಂದು ಡಾಲ್ಟನನು ಬ್ರಿಟಿಷ್ ಅಧಿಕಾರಿಯ ವೇಷದಲ್ಲಿ, ವಶಪಡಿಸಿಕೊಂಡ ಕವಚವಾಹನದೊಡನೆ ಡಬ್ಲಿನ್ನಿನ ಮೌಂಟ್‌ಜಾಯ್ ಸೆರೆಮನೆಯೊಳಗೇ ಹೊಕ್ಕನು. ದ್ವಾರದಲ್ಲಿ ಗುಂಡು ಹಾರಿದುದರಿಂದ ಯತ್ನವು ವಿಫಲವಾದರೂ ಬಂದವರು ಪಾರಾದರು.

1921ರ ಡಿಸೆಂಬರಿನ ಒಪ್ಪಂದವು ಗಣರಾಜ್ಯವಾದಿಗಳನ್ನು ಇಬ್ಭಾಗಿಸಿತು. ಡಾಲ್ಟನನು ಒಪ್ಪಂದವನ್ನು ಬೆಂಬಲಿಸಿದ ಮೈಕೇಲ್ ಕಾಲಿನ್ಸನ ಪಕ್ಷದಲ್ಲಿ ನಿಂತನು. 1922ರ ಆಗಸ್ಟಿನಲ್ಲಿ ಸಮುದ್ರಮಾರ್ಗವಾಗಿ ಸೈನ್ಯವನ್ನು ಒಯ್ದು ಕಾರ್ಕ್ ನಗರವನ್ನು ವಶಪಡಿಸಿಕೊಂಡನು. ಅದೇ ತಿಂಗಳ 22ರಂದು ಬೇಲ್ ನ ಬ್ಲಾ ಎಂಬಲ್ಲಿ ಹೊಂಚುದಾಳಿಗೆ ಸಿಕ್ಕಿ ಕಾಲಿನ್ಸನು ಹತನಾದಾಗ ಜೊತೆಯಲ್ಲಿದ್ದವನೂ ಆತನೇ. ಗುಂಡಿನ ಸದ್ದು ಕೇಳಿದೊಡನೆ ವಾಹನವನ್ನು ವೇಗವಾಗಿ ಮುಂದೋಡಿಸುವಂತೆ ತಾನು ಕೂಗಿದೆನೆಂದೂ, ಕಾಲಿನ್ಸನು ನಿಂತು ಹೋರಾಡಲು ಆಜ್ಞಾಪಿಸಿದನೆಂದೂ ಡಾಲ್ಟನನು ಬರೆದಿದ್ದಾನೆ. ಹಾಗಿದ್ದೂ ಆತನೇ ಕಾಲಿನ್ಸನನ್ನು ಕೊಂದನೆಂಬ ವದಂತಿಯು ಹಬ್ಬಿತು. ಅದಕ್ಕೆ ನಂಬತಕ್ಕ ಆಧಾರವಿಲ್ಲ; ಆತನ ಹಳೆಯ ಬ್ರಿಟಿಷ್ ಸಮವಸ್ತ್ರವೇ ಸಂದೇಹಕ್ಕೆ ಸಾಕಾಯಿತು. ಸೆರೆಸಿಕ್ಕ ಗಣರಾಜ್ಯವಾದಿಗಳಿಗೆ ಮರಣದಂಡನೆ ವಿಧಿಸುವ ನೀತಿಯನ್ನು ಒಪ್ಪದ ಆತನು ಅದೇ ವರ್ಷದ ಡಿಸೆಂಬರಿನಲ್ಲಿ ಸೇನೆಯನ್ನು ತ್ಯಜಿಸಿದನು. ಆಗ ಆತನ ವಯಸ್ಸು ಇಪ್ಪತ್ತನಾಲ್ಕು.

ಕೆಲಕಾಲ ಸೆನೆಟ್ಟಿನ ಕಾರ್ಯದರ್ಶಿಯಾಗಿದ್ದು, ಮುಂದೆ ಡಾಲ್ಟನನು ಚಲನಚಿತ್ರ ವ್ಯವಸಾಯವನ್ನು ಹಿಡಿದನು. 1958ರಲ್ಲಿ ಬ್ರೇ ಪಟ್ಟಣದಲ್ಲಿ ಆರಂಭವಾದ ಆರ್ಡ್‌ಮೋರ್ ಸ್ಟುಡಿಯೋದ ಸ್ಥಾಪಕರಲ್ಲಿ ಆತನೂ ಒಬ್ಬನು. 1978ರ ಮಾರ್ಚ್ 4ರಂದು, ತನ್ನ ಎಂಬತ್ತನೆಯ ಹುಟ್ಟುಹಬ್ಬದ ದಿನವೇ, ಆತನು ನಿಧನನಾದನು. ಗ್ಲಾಸ್‌ನೆವಿನ್ ಶ್ಮಶಾನದಲ್ಲಿ ಸೈನಿಕ ಮರ್ಯಾದೆಗಳೊಡನೆ ಸಂಸ್ಕಾರ ನಡೆದರೂ ಅಂದು ಅಧಿಕಾರದಲ್ಲಿದ್ದ ಫಿಯನ್ನಾ ಫಾಯಿಲ್ ಪಕ್ಷದ ಮಂತ್ರಿಗಳು ಭಾಗವಹಿಸಲಿಲ್ಲ. ಅಂತರ್ಯುದ್ಧದಲ್ಲಿ ಒಪ್ಪಂದದ ವಿರುದ್ಧ ಹೋರಾಡಿದವರಿಂದ ಹುಟ್ಟಿದ ಪಕ್ಷವದು. ಐವತ್ತಾರು ವರ್ಷಗಳಾದರೂ ಗಾಯವು ಮಾಯ್ದಿರಲಿಲ್ಲ.

ಸ್ವತಂತ್ರ ಐರ್ಲೆಂಡು ತನ್ನ ಇತಿಹಾಸವನ್ನು 1916ರ ದಂಗೆಯಿಂದ ಮೊದಲುಮಾಡಿದುದರಿಂದ, ಅದೇ ವರ್ಷ ಸೊಮ್‌ನಲ್ಲಿ ಮಡಿದವರಿಗೆ ಅದರಲ್ಲಿ ಸ್ಥಾನವಿಲ್ಲವಾಯಿತು. ಹೊಸದಿಲ್ಲಿಯ ಇಂಡಿಯಾ ಗೇಟನ್ನು ರಚಿಸಿದ ಲ್ಯುಟೆನ್ಸನೇ ಡಬ್ಲಿನ್ನಿನಲ್ಲಿ ಅವರಿಗಾಗಿ ನಿರ್ಮಿಸಿದ ಸ್ಮಾರಕೋದ್ಯಾನವು ದಶಕಗಳ ಕಾಲ ಹಾಳುಬಿದ್ದಿದ್ದು, 1988ರಲ್ಲಷ್ಟೇ ವಿಧಿವತ್ತಾಗಿ ಸಮರ್ಪಿತವಾಯಿತು. ಡಾಲ್ಟನನು ಬದಲಾದನೆಂಬುದು ನಿಜ. ಆದರೆ ಹದಿನೇಳರಿಂದ ಇಪ್ಪತ್ತನಾಲ್ಕರವರೆಗಿನ ಆ ಅವಧಿಯಲ್ಲಿ ಆತನಿಗಿಂತ ಹೆಚ್ಚಾಗಿ ಆತನ ದೇಶವೇ ಬದಲಾಗಿತ್ತು. ಸಮವಸ್ತ್ರವನ್ನು ನೋಡಿ ನಿಷ್ಠೆಯನ್ನು ಅಳೆಯುವವರು ಈ ಸಂಗತಿಯನ್ನು ಮರೆಯಬಾರದು.